ನಾಲಿಗೆಯಿಲ್ಲದ ಗಂಟೆ

ನಂಬಿ ಎಂದು ನಾನೇನೂ ನಿಮ್ಮ ಕಾಲು ಹಿಡಿಯುವುದಿಲ್ಲ. ಕಟ್ಟಿಕೊಂಡ ಗಂಡನೇ ನಂಬದೆ ಹೋದದ್ದನ್ನು ಉಳಿದವರು ನಂಬಿದರೆಷ್ಟು, ಬಿಟ್ಟರೆಷ್ಟು. ಆದರೆ ಆ ಗಂಟೆಯನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದವಳು ನಾನು. ನನಗೆ ಜ್ವರ ಇರಲಿಲ್ಲ, ಕಣ್ಣಿಗೆ ನಿದ್ದೆಯೂ ಹತ್ತಿರಲಿಲ್ಲ. ಇವತ್ತಿಗೂ ಬೆಳಗಿನ ಜಾವ ಹಿತ್ತಾಳೆ ಚೊಂಬು ಕೈಗೆ ತಣ್ಣಗೆ ತಗುಲಿದರೆ ಮೈಯೆಲ್ಲ ಜುಮ್ಮೆನ್ನುತ್ತದೆ.

ಮಹಾರಾಜರ ಕಾಲದ ಮಾತು. ದೂರದಲ್ಲೆಲ್ಲೋ ಯುದ್ಧ ನಡೆಯುತ್ತಿತ್ತು. ಜಯಮಂಗಲಿ ಹೊಳೆ ಕೊರಟಗೆರೆ ದಾಟಿ ಮಧುಗಿರಿ ಸೀಮೆಗೆ ತಿರುಗುವ ಕಡೆ ನಮ್ಮೂರು. ಊರಾಚೆ ಹೊಳೆ ದಂಡೆಯಲ್ಲಿ ಈಶ್ವರನ ಗುಡಿ, ಗುಡಿಯ ಮೆಟ್ಟಿಲ ಕೆಳಗೆ ಬಂಡೆಗಳ ನಡುವೆ ಆಳವಾದ ಮಡು. ಪೂಜೆ ನಮ್ಮ ಮನೆತನದ್ದು. ನಾನು ಸೊಸೆಯಾಗಿ ಬಂದಾಗ ಪೂಜೆ ಮಾಡುತ್ತಿದ್ದವರು ನನ್ನ ಮಾವ. ನಮ್ಮ ಯಜಮಾನರಿಗೆ ಮಧುಗಿರಿ ಕೋರ್ಟಿನಲ್ಲಿ ಜವಾನನ ಕೆಲಸ, ಊರಿಗೆ ಬರುತ್ತಿದ್ದದ್ದು ವಾರಕ್ಕೊಮ್ಮೆ.

ಆ ಮಡುವಿನಲ್ಲಿ ಮೀನುಗಳಿದ್ದವು. ದೇವರ ಮೀನು ಎನ್ನುತ್ತಿದ್ದೆವು. ಅಂಗೈಯಷ್ಟಗಲದ ಹುರುಪೆ, ಬಿಸಿಲು ಬಿದ್ದರೆ ಹೊಂಬಣ್ಣ. ಎಲ್ಲಕ್ಕಿಂತ ದೊಡ್ಡದಕ್ಕೆ ಮಾವ ದೊಡ್ಡವ್ವ ಎಂದು ಹೆಸರಿಟ್ಟಿದ್ದರು. ಬೇಸಿಗೆಯಲ್ಲಿ ಹೊಳೆ ಬತ್ತಿ ಅಲ್ಲಲ್ಲಿ ಗುಂಡಿಗಳಾದಾಗ ಊರಿನ ಹೆಂಗಸರು ಗಂಡಸರೆಲ್ಲ ಹೊರಟು, ಗುಂಡಿಗಳಲ್ಲಿ ಸಿಕ್ಕಿಕೊಂಡ ಮರಿಗಳನ್ನು ಕೊಡದಲ್ಲಿ ತಂದು ಮಡುವಿಗೆ ಬಿಡುತ್ತಿದ್ದರು. ಮೀನು ತಿನ್ನುವವರೂ ಆ ದಿನ ಒಂದನ್ನೂ ಮನೆಗೆ ಒಯ್ಯುತ್ತಿರಲಿಲ್ಲ. ಮಳೆ ಬಂದು ಹೊಳೆ ಹರಿದರೆ ಅವು ಮತ್ತೆ ತಮ್ಮ ದಾರಿ ಹಿಡಿಯುತ್ತಿದ್ದವು.

ಮೆಟ್ಟಿಲ ಮೇಲೆ ಎರಡು ಕಲ್ಲುಕಂಬ, ಅದರ ಮೇಲಿನ ತೊಲೆಗೆ ಒಂದು ಹಿತ್ತಾಳೆ ಗಂಟೆ. ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆ ಮಾವ ಸ್ನಾನ ಮಾಡಿ ಬಂದು ಗಂಟೆ ಹೊಡೆಯುತ್ತಿದ್ದರು. ಬೇಗ ಬೇಗ ಎರಡು ಪೆಟ್ಟು... ಆಮೇಲೆ ಒಂದು ಕೆಮ್ಮು... ಆಮೇಲೆ ಮೂರನೆಯ ಪೆಟ್ಟು. ನಶ್ಯ ಏರಿಸಿದ ಗಂಟಲು, ಆ ಕೆಮ್ಮಿಲ್ಲದೆ ಮೂರನೆಯ ಪೆಟ್ಟೇ ಇಲ್ಲ. ಅಷ್ಟಕ್ಕೆ ನೀರು ಕುದಿದಂತಾಗಿ ಮೀನೆಲ್ಲ ಮೇಲೆ ಬರುತ್ತಿದ್ದವು. ಮಾವ ಪುರಿ ಎರಚುತ್ತಿದ್ದರು. ದೊಡ್ಡವ್ವ ಎಲ್ಲರ ಕೊನೆಗೆ ಬಂದು ಅವರ ಬೆರಳನ್ನೇ ಮೂಸುತ್ತಿತ್ತು.

ಹೀಗಿರುವಾಗ ಹೊಳೆಗೆ ಸೇತುವೆ ಕಟ್ಟುವ ಜಾಗ ನೋಡಲು ಒಬ್ಬ ಬಿಳಿ ದೊರೆ ಬಂದ. ಇಂಜಿನಿಯರಂತೆ. ಸಂಜೆಯಾದರೆ ಮಡುವಿನಿಂದ ಕೆಳಗೆ ಹರಿಯುವ ನೀರಿನಲ್ಲಿ ಮೊಣಕಾಲುದ್ದ ನಿಂತು, ಬಳುಕುವ ಕೋಲಿನಿಂದ ಉದ್ದನೆಯ ದಾರ ಬೀಸುತ್ತಿದ್ದ. ದಾರ ತಲೆಯ ಮೇಲೆ ಹಿಂದಕ್ಕೆ ಹೋಗಿ, ಮುಂದಕ್ಕೆ ಬಂದು, ಸದ್ದಿಲ್ಲದೆ ನೀರಿಗೆ ಇಳಿಯುತ್ತಿತ್ತು. ಅದರ ತುದಿಯಲ್ಲಿ ಎರೆಹುಳು ಇಲ್ಲ, ಹಿಟ್ಟೂ ಇಲ್ಲ. ಹುಂಜದ ಕತ್ತಿನ ಗರಿಯನ್ನು ರೇಷ್ಮೆ ನೂಲಿನಿಂದ ಗಾಳಕ್ಕೆ ಸುತ್ತಿ ಹುಳುವಿನ ಹಾಗೆ ಮಾಡಿದ್ದು. ಮೀನು ಕಚ್ಚಿದರೆ ಬಹಳ ಹೊತ್ತು ಆಡಿಸಿ ದಡಕ್ಕೆ ತರುತ್ತಿದ್ದ. ಕೈ ನೀರಲ್ಲಿ ನೆನೆಸಿಕೊಂಡೇ ಅದನ್ನು ಮುಟ್ಟಿ, ಗಾಳ ಬಿಡಿಸಿ, ಹರಿವಿಗೆ ಮುಖ ಮಾಡಿ ಹಿಡಿದು, ಅದಕ್ಕೆ ಉಸಿರು ಬಂದ ಮೇಲೆ ಬಿಟ್ಟುಬಿಡುತ್ತಿದ್ದ!

ಹುಳು ಅಗೆಯುವ ಕಷ್ಟವಿಲ್ಲ, ಹಿಡಿದದ್ದನ್ನು ತಿನ್ನುವ ಸುಖವೂ ಇಲ್ಲ, ಇದೆಂಥ ಆಟವಪ್ಪ ಎಂದು ನನಗೆ ನಗು. ಮಾವನಿಗೆ ಮಾತ್ರ ಅವನು ಬಲು ಹಿಡಿಸಿಬಿಟ್ಟ. ಬಿಡುವವನು ಕೆಟ್ಟವನಲ್ಲ ಎಂಬುದು ಅವರ ಲೆಕ್ಕ. ಒಂದು ಬೆಳಗಿನ ಜಾವ ಅವನನ್ನು ಕರೆದು ಗಂಟೆ ಹೊಡೆದು ತೋರಿಸಿದರು. ದೊರೆ ಖುಷಿಪಡುತ್ತಾನೆ ಎಂದುಕೊಂಡಿದ್ದೆವು. ಅವನ ಮುಖ ಸಣ್ಣಗಾಯಿತು.

ತನ್ನ ಮುರುಕು ಕನ್ನಡದಲ್ಲಿ ಅವನು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಅಯ್ಯ, ಇದು ತಪ್ಪು. ಮೀನು ಮನುಷ್ಯನಿಗೆ ಹೆದರಬೇಕು. ಹೆದರಿದರೆ ಮಾತ್ರ ಬದುಕುತ್ತೆ."

ಮಾವ ನಕ್ಕುಬಿಟ್ಟರು.

ದೊರೆ ಯುದ್ಧಕ್ಕೆಂದು ಹೊರಟುಹೋದ. ಹೋಗುವಾಗ ಸೇತುವೆ ರಸ್ತೆಯ ಕೆಲಸದ ಮೇಸ್ತ್ರಿಗೆ ಮಡು ಮುಟ್ಟಬಾರದು ಎಂದು ಗದರಿಸಿಯೇ ಹೋದ. ಆದರೆ ಅವನು ಗುರುತು ಹಾಕಿದ ಸೇತುವೆಗೆ ಕಲ್ಲು ಬೇಕಲ್ಲ. ಕಲ್ಲಿಗೆ ಬಂಡೆ ಸಿಡಿಸಬೇಕು, ಬಂಡೆಗೆ ಮದ್ದು ಬೇಕು. ಅವನ ಹಿಂದೆಯೇ ಗಾಡಿಗಟ್ಟಲೆ ಮದ್ದಿನ ತೋಟೆ ಬಂದವು.

ಮೇಸ್ತ್ರಿಯ ಆಳುಗಳು ಮೊದಲು ಒಂದು ತೋಟೆ ಹಚ್ಚಿ ಮಡುವಿಗೆ ಎಸೆದು ನೋಡಿದರು. ಏನೂ ಸಿಗಲಿಲ್ಲ. ಮೀನುಗಳು ಬಂಡೆಯ ಅಡಿಯ ಪೊಟರೆಯಲ್ಲಿರುತ್ತವೆ, ಅಲ್ಲಿಗೆ ಮದ್ದಿನ ಪೆಟ್ಟು ಹೋಗುವುದಿಲ್ಲ. ಆಮೇಲೆ ಮಾವ ಗಂಟೆ ಹೊಡೆಯುವುದನ್ನು ನೋಡಿಕೊಂಡರು. ಮಾವ ಮಧುಗಿರಿಗೆ ಹೋಗಿದ್ದ ಒಂದು ದಿನ, ಹಾಳಾದವರು, ತಾವೇ ಗಂಟೆ ಹೊಡೆದರು. ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ನನಗೆ ಮೊದಲು ಗಂಟೆ ಕೇಳಿಸಿತು, ಹಿಂದೆಯೇ ಢಂ ಎಂದು ಸಿಡಿದದ್ದು ಕೇಳಿಸಿತು. ಓಡಿ ಬರುವಷ್ಟರಲ್ಲಿ ಅರ್ಧ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದೊಡ್ಡವ್ವ ಕೊನೆಗೆ ಬರುವ ಅಭ್ಯಾಸದಿಂದ ಉಳಿದುಕೊಂಡಿತ್ತು.

ಊರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಅರ್ಧ ಊರು ಆ ರಸ್ತೆಯಲ್ಲೇ ಕೂಲಿಗಿತ್ತು.

ಮಾವ ಬಂದು ನೋಡಿದರು. ಅವತ್ತು ಹಾಸಿಗೆ ಹಿಡಿದವರು ಏಳಲಿಲ್ಲ. ಬೇಸಿಗೆ ಏರುತ್ತಿದ್ದಾಗ ಒಂದು ಸಂಜೆ ನನ್ನನ್ನು ಹತ್ತಿರ ಕರೆದರು.

"ಗೌರಮ್ಮ, ನಾನ್ ವೋದ್ಮೇಲೆ ಆ ಗಂಟೆ ಸದ್ದು ಏಳ್ಕೂಡ್ದು ಕಣಮ್ಮ. ಅದ್ರ ನಾಲ್ಗೆ ಬಿಚ್ಚಿ ನನ್ ಜೊತೇಲೇ ಇಟ್ಬುಡಿ. ಅವು ನಮ್ಮುನ್ನ ಮರೀಲಿ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಗುಂಡಿಯೊಳಗೆ ಗೂಡು ತೋಡಿ ಕೂರಿಸಿ, ವಿಭೂತಿ ಬಿಲ್ವಪತ್ರೆ ಹಾಕಿ ಮಣ್ಣು ಮಾಡುತ್ತೇವೆ. ಮಾವನನ್ನು ಗುಡಿಯ ಪಕ್ಕದ ಬಿಲ್ವದ ಮರದ ಕೆಳಗೆ, ಮಡುವಿನ ಕಡೆ ಮುಖ ಮಾಡಿ ಕೂರಿಸಿದರು. ಎಡಗೈಯಲ್ಲಿ ಅವರ ಇಷ್ಟಲಿಂಗ. ಬಲಗೈಯಲ್ಲಿ ಗಂಟೆಯ ನಾಲಿಗೆ, ಆ ಕಬ್ಬಿಣದ ಗುಂಡು. ಯಜಮಾನರು ಇಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ. ಬೆರಳು ಮಡಿಸಿ, ಅದರ ಮೇಲೆ ವಿಭೂತಿ ಸುರಿದು, ಮಣ್ಣು ಎಳೆದರು.

ನೆರೆಮನೆಯ ಹನುಮಕ್ಕ, ಒಕ್ಕಲುಮನೆಯವಳು, ಗಂಟೆಯನ್ನೇ ಇಳಿಸಿ ಒಳಗಿಟ್ಟುಬಿಡಿ ಎಂದಳು. ನಮ್ಮ ಮನೆಯವರು ಒಪ್ಪಲಿಲ್ಲ. ದೇವರಿಗೆ ಒಪ್ಪಿಸಿದ್ದನ್ನು ಇಳಿಸುವುದುಂಟೆ! ಗಂಟೆ ಅದರ ಜಾಗದಲ್ಲೇ ಇರಲಿ, ನಾಲಿಗೆ ಇಲ್ಲವಲ್ಲ, ಸಾಕು ಎಂದರು. ಇಂಥ ಬುದ್ಧಿ ನಮ್ಮಂಥವರಿಗೆ ಮಾತ್ರ ಹೊಳೆಯುವುದು.

ಕಲ್ಲಿನಿಂದ ಬಡಿದರೂ ಗಂಟೆ ಸದ್ದು ಮಾಡುತ್ತದೆ ಎಂಬ ಭಯ ನನಗಿತ್ತು. ಮಡುವಿನ ನೀರು ದಿನದಿನಕ್ಕೆ ಇಳಿಯುತ್ತಿತ್ತು. ಕೃತ್ತಿಕೆಯೋ ರೋಹಿಣಿಯೋ ಒಂದು ಮಳೆ ಸರಿಯಾಗಿ ಬಂದು ಹೊಳೆ ಹರಿಯುವವರೆಗೆ ಉಳಿದವುಗಳನ್ನು ಕಾಪಾಡಿದರೆ, ಅವು ಇಲ್ಲಿಂದ ಹೋಗಿ ಬದುಕಿಕೊಳ್ಳುತ್ತವೆ. ನನಗೆ ಬೇಕಿದ್ದದ್ದು ಅಷ್ಟೇ. ರಾತ್ರಿಯಾದರೆ ಕಂಬಳಿ ಹೊದ್ದು ಗಂಟೆಯ ಕೆಳಗೆ ಹೋಗಿ ಕೂರುತ್ತಿದ್ದೆ. ಹನುಮಕ್ಕ ಜೊತೆಗೆ ಬಂದು ಗುಡಿಯ ಜಗಲಿಯಲ್ಲಿ ಮಲಗುತ್ತಿದ್ದಳು. ಪುಣ್ಯಾತಗಿತ್ತಿ, ತಲೆ ನೆಲಕ್ಕಿಟ್ಟರೆ ಗೊರಕೆ.

ಆ ರಾತ್ರಿ ಮೋಡ ಕಟ್ಟಿತ್ತು. ಮಧುಗಿರಿ ಬೆಟ್ಟದ ಕಡೆ ಮಿಂಚು. ಎಷ್ಟೋ ದಿನದ ಮೇಲೆ ಗಾಳಿಯಲ್ಲಿ ಮಣ್ಣಿನ ವಾಸನೆ ಬಂದಿತ್ತು. ಮೇಲೆಲ್ಲೋ ಮಳೆಯಾಗುತ್ತಿದೆ, ನಾಳೆ ಹೊಳೆ ಬರುತ್ತದೆ, ಈ ಒಂದು ರಾತ್ರಿ ಕಳೆದರೆ ಸಾಕು ಎಂದು ಜೀವ ಹಗುರಾಯಿತು. ಎದುರು ದಡದಲ್ಲಿ ಒಂದು ಬೀಡಿಯ ಕೆಂಡ ಕಾಣಿಸಿತು. ಮೇಸ್ತ್ರಿಯ ಆಳುಗಳೂ ಮಳೆಯ ವಾಸನೆ ಹಿಡಿದೇ ಬಂದಿದ್ದರು. ನಾನು ಎದ್ದು ಗಂಟೆಗೆ ಬೆನ್ನು ಕೊಟ್ಟು ನಿಂತೆ. ನನ್ನನ್ನು ದಾಟಿ ಅದನ್ನು ಯಾರು ಬಡಿಯುತ್ತಾರೋ ನೋಡೇಬಿಡೋಣ ಎಂಬ ರೊಚ್ಚು ನನಗೆ.

ಯಾರೂ ಹೊಳೆ ದಾಟಲಿಲ್ಲ. ಮೋಡದ ಸಂದಿಯಲ್ಲಿ ಬೆಳ್ಳಿ ಕಾಣಿಸಿತು.

ಆಗ ಕಪ್ಪೆಗಳೆಲ್ಲ ಒಮ್ಮೆಗೇ ಸುಮ್ಮನಾದವು...

ಮೂಗಿಗೆ ಘಾಟು ಬಡಿಯಿತು. ನಶ್ಯ. ಯಾರೋ ಪಕ್ಕದಲ್ಲೇ ಡಬ್ಬಿ ತೆಗೆದ ಹಾಗೆ. ಹನುಮಕ್ಕ ಎಲೆಅಡಿಕೆಯವಳು, ನಶ್ಯ ಮುಟ್ಟುವವಳಲ್ಲ. ಬಿಲ್ವದ ಮರದ ಕಡೆಯಿಂದ ಒಣ ಎಲೆ ಸರಬರ ಎಂದವು. ಹಿಂದಿರುಗಿ ನೋಡಲು ನನ್ನ ಕತ್ತೇ ಕೇಳಲಿಲ್ಲ.

ಟಣ್... ಟಣ್...

ನನ್ನ ಬೆನ್ನ ಹಿಂದೆಯೇ. ನಾನು ಗಕ್ಕನೆ ತಿರುಗಿ ಗಂಟೆಯನ್ನು ತಬ್ಬಿಕೊಂಡೆ. ಸುತ್ತ ಯಾರೂ ಇಲ್ಲ. ಗಂಟೆ ಅಲುಗುತ್ತಿರಲಿಲ್ಲ. ಒಂದು ಕೈ ಒಳಗೆ ತೂರಿಸಿದೆ. ನಾಲಿಗೆ ಕಟ್ಟುವ ಕೊಕ್ಕೆ ಬರಿದಾಗಿತ್ತು. ಒಳಗೆ ತಣ್ಣಗಿತ್ತು, ಬಾವಿಯ ಕಲ್ಲು ಮುಟ್ಟಿದ ಹಾಗೆ. ಬೇಡ, ಮಾವ, ಬೇಡ... ಎಂದು ಬಾಯಿಬಿಟ್ಟೆನೋ ಮನಸ್ಸಲ್ಲೇ ಅಂದೆನೋ, ತಿಳಿಯದು.

ಕಿವಿಯ ಹತ್ತಿರ ಒಂದು ಕೆಮ್ಮು.

ಟಣ್!

ನನ್ನ ಎರಡು ಕೈಯ ನಡುವೆ, ನನ್ನ ಎದೆಗೆ ಒತ್ತಿಕೊಂಡಿದ್ದ ಗಂಟೆ ಹೊಡೆಯಿತು. ಆ ಪೆಟ್ಟು ನನ್ನ ಹಲ್ಲಿನವರೆಗೆ ಬಂತು.

ಕೆಳಗೆ ನೀರು ಕುದಿಯಲು ಶುರುವಾಯಿತು. ಉಳಿದವೆಲ್ಲ ಬಂದವು. ಪುರಿಯಿಲ್ಲ, ಏನಿಲ್ಲ, ಹಸಿದ ಬಾಯಿ ತೆರೆದುಕೊಂಡು ಮೆಟ್ಟಿಲ ಬುಡಕ್ಕೆ ಬಂದವು. ಹೋಗಿ, ಹೋಗಿ ಎಂದು ಕೂಗಿದೆ. ಕಲ್ಲೆಸೆದೆ. ಕಲ್ಲನ್ನೇ ಪುರಿ ಎಂದುಕೊಂಡು ಅವು ಇನ್ನೂ ಮೇಲೆ ಬಂದವು. ಕೊನೆಗೆ ದೊಡ್ಡವ್ವನ ಬೆನ್ನು ಕಾಣಿಸಿತು. ಅದು ನನ್ನ ಹತ್ತಿರಕ್ಕೆ ಬರಲಿಲ್ಲ. ಮಾವ ನಿಲ್ಲುತ್ತಿದ್ದ ಮೆಟ್ಟಿಲ ಹತ್ತಿರ ಹೋಗಿ ತಲೆಯೆತ್ತಿತು... ಅಲ್ಲಿ ಯಾರದೋ ಬೆರಳಿದ್ದ ಹಾಗೆ, ಹಾಗೇ ನಿಂತಿತು.

ಎದುರು ದಡದಿಂದ ಒಂದು ಕಿಡಿ ಗಾಳಿಯಲ್ಲಿ ಬಂತು.

ತೋಟೆ ಸಿಡಿದ ಆ ಸದ್ದಿನ ಮೇಲೆ ಬಹಳ ಹೊತ್ತು ನನಗೆ ಕಿವಿ ಕೇಳಿಸಲಿಲ್ಲ. ಬೆಳಕು ಹರಿದಾಗ ಮಡು ಬೆಳ್ಳಗಿತ್ತು. ಆಳುಗಳು ನೀರಿಗಿಳಿದು ಬುಟ್ಟಿ ತುಂಬುತ್ತಿದ್ದರು. ದೊಡ್ಡವ್ವನನ್ನು ಬಿದಿರಿನ ಗಳಕ್ಕೆ ಕಟ್ಟಿ ಇಬ್ಬರು ಹೊತ್ತರು. ನನಗೆ ಅಳು ಸಹ ಬರಲಿಲ್ಲ.

ಹನುಮಕ್ಕ ನನ್ನ ಭುಜ ಹಿಡಿದು ಕೂರಿಸಿದಳು. ಮೊದಲ ಪೆಟ್ಟಿಗೇ ಅವಳಿಗೆ ಎಚ್ಚರವಾಗಿತ್ತಂತೆ. ನನ್ನ ಮುಖ ನೋಡಲಾರದೆ ನೆಲ ನೋಡಿಕೊಂಡು ಕೇಳಿದಳು.

"ಯಾಕಿಂಗ್ ಮಾಡ್ಬುಟ್ರಿ ಅಯ್ನೋರಮ್ಮ? ನೀವೇ ಗಂಟೆ ತಬ್ಕಂಡ್ ನಿಂತಿದ್ರಿ. ನಾನು ಕಣ್ಣಾರೆ ಕಂಡೆ."

ಅವಳು ಸುಳ್ಳು ಹೇಳುವ ಹೆಂಗಸಲ್ಲ. ಅವಳು ಕಂಡದ್ದು ಅದನ್ನೇ. ಊರೂ ಅದನ್ನೇ ನಂಬಿತು. ಮಧ್ಯಾಹ್ನ ಮೇಸ್ತ್ರಿ ನಮ್ಮ ಬಾಗಿಲಿಗೆ ಎಲೆ ಮುಚ್ಚಿದ ಒಂದು ಬುಟ್ಟಿ ಕಳಿಸಿದ. ಗಂಟೆ ಹೊಡೆದುಕೊಟ್ಟ ಉಪಕಾರಕ್ಕೆ ನಮ್ಮ ಪಾಲಂತೆ. ಮೀನು ಮುಟ್ಟದ ಮನೆಯ ಹೊಸ್ತಿಲ ಮೇಲೆ ಆ ಬುಟ್ಟಿ ಕೂತಿತ್ತು. ಅದರಿಂದ ನೀರು ಸೋರಿ ನಾನು ಹಾಕಿದ್ದ ರಂಗೋಲಿ ಕಲಸಿಹೋಗುತ್ತಿತ್ತು.

ಯಜಮಾನರು ಬಂದು ಎಲ್ಲ ಕೇಳಿದರು. "ಹೋಗ್ಲಿ ಬುಡು, ದುಃಖದಾಗೆ ಏನೋ ಆಗದೆ," ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ಬದುಕಿರುವವರೆಗೂ ಅವರು ಆ ಮಾತು ಎತ್ತಲಿಲ್ಲ.

ಮಳೆ ಬಂತು. ಅದೇ ದಿನ ಸಂಜೆ ಹೊಳೆ ಕೆಂಪಗೆ ತುಂಬಿ ಬಂತು. ಆ ವರ್ಷ, ಅದರ ಮುಂದಿನ ವರ್ಷ, ನಾನು ಮಡುವಿಗೆ ಹೋಗಿ ಪುರಿ ಎರಚಿದೆ. ಪುರಿ ತೇಲಿಕೊಂಡು ಹೋಯಿತು. ಸೇತುವೆ ಮುಗಿದ ಮೇಲೆ ಮರಳು ಕೂತು ಮಡುವೂ ಮುಚ್ಚಿಹೋಯಿತು. ದೊರೆ ಮತ್ತೆ ಬರಲಿಲ್ಲ. ಬಂದಿದ್ದರೂ ಅವನ ಗರಿಗೆ ಕಚ್ಚಲು ಅಲ್ಲಿ ಏನಿತ್ತು?

ಮಾವ ಯಾಕೆ ಹಾಗೆ ಮಾಡಿದರು ಎಂದು ಯೋಚಿಸಿ ಯೋಚಿಸಿ ನನ್ನ ಕೂದಲು ಬೆಳ್ಳಗಾಯಿತು. ಬೆಳ್ಳಿ ಮೂಡಿತು, ಮಕ್ಕಳು ಹಸಿದಿವೆ ಎಂದು ಕರೆದರೋ... ಇಲ್ಲಾ, ಇನ್ನು ಇವಕ್ಕೆ ಇಲ್ಲಿ ಬಾಳಿಲ್ಲ ಎಂದು ತಮ್ಮ ಜೊತೆಗೇ ಕರೆದುಕೊಂಡರೋ...

ಯಜಮಾನರು ಹೋದ ವರ್ಷ ತೀರಿಕೊಂಡರು. ಅಪ್ಪನ ಪಕ್ಕದಲ್ಲೇ ಗುಂಡಿ ತೋಡಿದರು. ತೋಡುವಾಗ ನಡುವಿನ ಮಣ್ಣು ಕುಸಿದು ಮಾವನ ಗೂಡಿಗೆ ತೂತು ಬಿತ್ತು. ನನ್ನ ದೊಡ್ಡ ಮಗ, ಈ ಕಥೆ ಕೇಳಿಕೊಂಡೇ ಬೆಳೆದವನು, ಓಡಿ ಬಂದು, ಅವ್ವ, ನಾಲಿಗೆ ತಾತನ ಕೈಯಲ್ಲಿ ಇದೆಯೋ ಇಲ್ಲವೋ ನೋಡಿಬಿಡಲಾ ಎಂದು ಕೇಳಿದ. ಕೈಯಲ್ಲಿ ದೀಪವನ್ನೂ ಹಿಡಿದಿದ್ದ.

ಇಲ್ಲದಿದ್ದರೆ, ಅವರೇ ಎದ್ದು ಬಂದಿದ್ದರು ಎಂದಾಯಿತು. ಇದ್ದರೆ... ಆ ರಾತ್ರಿ ಹೊಡೆದದ್ದು ಯಾವುದು? ಊರು ಹೇಳಿದ ಹಾಗೆ ನನ್ನದೇ ಕೈಯೆ?

ಮುಚ್ಚಿಬಿಡು ಎಂದೆ. ಅವನು ದೀಪ ಆರಿಸಿದ, ಆಳುಗಳು ಮಣ್ಣು ಮೆತ್ತಿದರು.

ಮುಂದಿನ ಜಾಗ ನನ್ನದು. ಮಕ್ಕಳಿಗೆ ಒಂದೇ ಒಂದು ಮಾತು ಹೇಳಿಟ್ಟಿದ್ದೇನೆ. ನನ್ನ ಮುಖ ಆ ಮಡುವಿನ ಕಡೆ ಮಾಡಿ ಕೂರಿಸಬೇಡಿ.