ಶೆಡ್ಡಿನ ಹಸಿರು

ನಮ್ಮ ಭಾವನ ಮುಂದೆ ಆಟದ ರೈಲು ಅನ್ನಬಾರದು. ಅಂದರೆ ಊಟದ ತಟ್ಟೆ ಬಿಟ್ಟು ಎದ್ದುಹೋಗುತ್ತಾರೆ. ಅದು ಮಾದರಿ ಇಂಜಿನ್ನು, ಅಸಲಿ ಇಂಜಿನ್ನಿನ ಒಂದೊಂದು ಮೊಳೆಯನ್ನೂ ಅಳೆದು ಚಿಕ್ಕದು ಮಾಡಿದ್ದು ಎಂದು ಪಾಠ ಶುರುವಾಗುತ್ತದೆ. ನಾನು ಅವರ ನಾದಿನಿ. ಅವರ ಮನೆಯ ಮಹಡಿಯಲ್ಲೇ ಬಾಡಿಗೆಗೆ ಇದ್ದೇನೆ. ಹಾಗಾಗಿ ಬೇಕೆಂದೇ ಆಟದ ರೈಲು ಅನ್ನುತ್ತೇನೆ. ಭಾವನನ್ನು ರೇಗಿಸುವ ಹಕ್ಕೂ ಇಲ್ಲದಿದ್ದರೆ ನಾದಿನಿಯಾಗಿ ಹುಟ್ಟಿ ಏನು ಪ್ರಯೋಜನ?

ಭಾವ ಕಾರು ಗ್ಯಾರೇಜಿನಲ್ಲಿ ಟಚಪ್ ಪೇಂಟರ್ ಆಗಿದ್ದವರು. ಎಲ್ಲೋ ಗುದ್ದಿಸಿಕೊಂಡು ಬಂದ ಕಾರಿನ ಒಂದು ಬಾಗಿಲನ್ನಷ್ಟೇ ಹೊಸದಾಗಿ ಬಳಿದು, ಬಿಸಿಲು ಮಳೆ ತಿಂದ ಉಳಿದ ಮೈಬಣ್ಣದ ಜೊತೆ ಅದನ್ನು ಒಂದಾಗಿಸುವುದು ಅವರ ಕೆಲಸ. ಯಾವ ಬಾಗಿಲಿಗೆ ಪೆಟ್ಟಾಗಿತ್ತು ಎಂದು ಕಾರಿನ ಯಜಮಾನನೇ ಮರೆಯಬೇಕು, ಹಾಗಿರುತ್ತಿತ್ತು. ಗ್ಯಾರೇಜಿನವರು ಅವರ ಹೆಸರು ಬಿಟ್ಟು ಟಚಪ್ ಎಂದೇ ಕರೆಯುತ್ತಿದ್ದರು. ಮನೆಗೆ ಬರುವ ಪತ್ರದ ಮೇಲೂ ಒಮ್ಮೆ ಹಾಗೇ ಬರೆದಿದ್ದರು, ಅಂಚೆಯವನು ಸರಿಯಾಗಿಯೇ ತಂದುಕೊಟ್ಟ.

ನಿವೃತ್ತರಾದ ಮೇಲೆ ಕೈ ಸುಮ್ಮನಿರಲಿಲ್ಲ. ಗುಜರಿ ಅಂಗಡಿಗಳಲ್ಲಿ ಮುರಿದ ಆಟಿಕೆಗಳ ರಾಶಿ ಕೆದಕಿ, ಹೊಗೆಕೊಳವೆ ಕಿತ್ತುಹೋದ, ಚಕ್ರದ ತುಂಬ ಯಾರದೋ ಮನೆಯ ಕೂದಲು ಸುತ್ತಿಕೊಂಡ ಇಂಜಿನ್ನುಗಳನ್ನು ತರತೊಡಗಿದರು. ತಂದದ್ದನ್ನು ಬಿಚ್ಚಿ ಮೋಟಾರು ಬೇರೆ ಇಟ್ಟು, ಮೈಯನ್ನು ಬ್ರೇಕ್ ಆಯಿಲಿನಲ್ಲಿ ಮುಳುಗಿಸಿಡುವುದು. ಹಳೆಯ ಬಣ್ಣ ಸುಕ್ಕುಗಟ್ಟಿ ಎದ್ದಮೇಲೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುವುದು. ಕಬ್ಬಿಣದ ಮೈಯಾದರೆ ಥಿನ್ನರ್ ಆದೀತು, ಪ್ಲಾಸ್ಟಿಕ್ಕಿಗೆ ಆಗದು. ಮೊದಮೊದಲು ಅದು ಗೊತ್ತಿಲ್ಲದೆ ಒಂದು ಇಂಜಿನ್ನು ಮೇಣದ ಹಾಗೆ ಕುಸಿದುಹೋಗಿತ್ತು. ಆಮೇಲೆ ಬೂದು ಬಣ್ಣದ ಪ್ರೈಮರ್, ಅದರ ಮೇಲೆ ಅಸಲು ಬಣ್ಣ, ಕೊನೆಗೆ ಕೂದಲೆಳೆಯಂಥ ಬ್ರಶ್ಶಿನಲ್ಲಿ ಗೆರೆ. ಹೊಗೆಕೊಳವೆ ಪೆನ್ನಿನ ಮುಚ್ಚಳದಿಂದ ಹುಟ್ಟುತ್ತಿತ್ತು, ಹಿಡಿಕಂಬಿ ಗಿಟಾರಿನ ತಂತಿಯಿಂದ. ಬ್ರೇಕ್ ಆಯಿಲಿಗೆ ಬಳಸುತ್ತಿದ್ದದ್ದು ಮಾತ್ರ ಅಕ್ಕನ ಅಡುಗೆಮನೆಯ ಡಬ್ಬಿ. ಆ ವಿಷಯಕ್ಕೆ ಆ ಮನೆಯಲ್ಲಿ ಆದಷ್ಟು ಜಗಳ ಬೇರೆ ಯಾವುದಕ್ಕೂ ಆಗಿಲ್ಲ.

ಒಂದು ದಿನ ಡ್ರೈವರ್ ಯಜಮಾನರು ಬಂದರು. ನಿಜವಾದ ರೈಲು ಓಡಿಸಿ ನಿವೃತ್ತರಾದವರು, ಹಳಿಯ ಪಕ್ಕದ ಬೀದಿಯಲ್ಲಿ ಮಗಳ ಜೊತೆ ಇದ್ದಾರೆ. ತಾವು ಓಡಿಸುತ್ತಿದ್ದ ಜಾತಿಯದೇ ಮಾದರಿ ಇಂಜಿನ್ನು ಭಾವನ ಕಪಾಟಿನಲ್ಲಿ ಬಣ್ಣ ಕಳೆದುಕೊಂಡು ಕೂತಿದ್ದನ್ನು ನೋಡಿ ಅವರ ಧ್ವನಿಯೇ ಬದಲಾಯಿತು. ಇಂಜಿನ್ನುಗಳನ್ನು ನಿಲ್ಲಿಸಿ ದುರಸ್ತಿ ಮಾಡುತ್ತಿದ್ದ ಅವರ ಶೆಡ್ಡಿನವರು ಅವಕ್ಕೆ ತಮ್ಮದೇ ಒಂದು ಹಸಿರು ಬೆರೆಸಿ ಬಳಿಯುತ್ತಿದ್ದರಂತೆ. ಆ ಶೆಡ್ಡು ಈಗಿಲ್ಲ, ಆ ಹಸಿರಿನ ಒಂದು ಚೂರೂ ಎಲ್ಲೂ ಉಳಿದಿಲ್ಲ. ಇರುವುದು ಯಜಮಾನರ ನೆನಪಿನಲ್ಲಿ ಮಾತ್ರ. ಇಬ್ಬರೂ ಕಿಟಕಿಯ ಬಳಿ ಕೂತು ವಾರಗಟ್ಟಲೆ ಬೆರೆಸಿದರು. ಕೊನೆಗೆ ಒಂದು ಮಧ್ಯಾಹ್ನ ಯಜಮಾನರು ಇದೇ, ಇದೇ ಎಂದು ತೊಡೆ ತಟ್ಟಿದರಂತೆ. ಇಂಜಿನ್ನು ಅವರ ಮನೆ ಸೇರಿತು. ಟಚಪ್ ಎಂದರೆ ಟಚಪ್ಪೇ ಎಂದು ಭಾವ ತಮ್ಮನ್ನು ತಾವೇ ಹೊಗಳಿಕೊಂಡು ಓಡಾಡಿದರು.

ಆಮೇಲೆ ಬಂತು ಕಣ್ಣಿನ ಪೊರೆ. ಬಂದದ್ದು ಯಾವಾಗಲೋ, ಗೊತ್ತಾದದ್ದು ಆಗ. ಭಾವ ಬಲಗಣ್ಣಿನ ಆಪರೇಷನ್ ಮಾಡಿಸಿಕೊಂಡರು. ಪಟ್ಟಿ ಬಿಚ್ಚಿ ಮನೆಗೆ ಬಂದವರು ಮೊದಲು ನೋಡಿದ್ದು ಹೆಂಡತಿಯನ್ನಲ್ಲ, ಕಪಾಟನ್ನು. ನೋಡಿದವರೇ ನಿಂತಲ್ಲೇ ನಿಂತರು. ಇತ್ತೀಚಿನ ಒಂದೆರಡು ವರ್ಷದಲ್ಲಿ ತಾವು ಬಳಿದ ಹಸಿರೆಲ್ಲ ನವಿಲಿನ ಕತ್ತಿನ ಹಾಗೆ ನೀಲಿಗೆ ತಿರುಗಿ ಕಂಡಿತು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದರೆ ಅದೇ ಇಂಜಿನ್ನು ಒಳ್ಳೆಯ ಹಸಿರು.

ಅಂದಿನಿಂದ ಶುರುವಾಯಿತು ನೋಡಿ. ಗೋಡೆ, ಪರದೆ, ಎದುರುಮನೆಯ ಬಾಗಿಲು, ಏನು ಕಂಡರೂ ಒಂದು ಕಣ್ಣು ಮುಚ್ಚುವುದು, ಇನ್ನೊಂದು ಮುಚ್ಚುವುದು. ತರಕಾರಿ ಅಂಗಡಿಯಲ್ಲಿ ಬದನೆಕಾಯಿಯನ್ನು ಹೀಗೆ ಪರೀಕ್ಷೆ ಮಾಡುತ್ತ ನಿಂತಿದ್ದಾಗ, ಅದರ ಹಿಂದೆ ನಿಂತಿದ್ದ ಅಂಗಡಿಯಾಕೆ ತನಗೇ ಕಣ್ಣು ಹೊಡೆಯುತ್ತಿದ್ದಾರೆ ಎಂದುಕೊಂಡು ಅಕ್ಕನ ಹತ್ತಿರ ದೂರು ತಂದಳು. ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು ಎಂದು ಅಕ್ಕ ತಲೆ ಚಚ್ಚಿಕೊಂಡಳು. ನಾನು ನಕ್ಕು ನಕ್ಕು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಭಾವ ನಗಲಿಲ್ಲ.

ಅವರ ಸಂಕಟ ನಮಗೆ ಅರ್ಥವಾದದ್ದು ನಿಧಾನವಾಗಿ. ಕಣ್ಣಿನ ಡಾಕ್ಟರು, ಆಪರೇಷನ್ ಆದವರಿಗೆ ಕೆಲವು ಕಾಲ ನೀಲಿ ಜಾಸ್ತಿ ಕಾಣುತ್ತದೆ, ಅಭ್ಯಾಸವಾಗುತ್ತದೆ ಎಂದಿದ್ದರು. ಹಾಗಾದರೆ ಸುಳ್ಳು ಹೇಳುತ್ತಿರುವುದು ಯಾವ ಕಣ್ಣು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವಂತೆ ಪೊರೆಯ ಎಡಗಣ್ಣು ಮೋಸ ಮಾಡುತ್ತಿದೆಯೋ, ಇಲ್ಲ ಹೊಸ ಬಲಗಣ್ಣೇ ಎಲ್ಲದಕ್ಕೂ ನೀಲಿ ಬಳಿಯುತ್ತಿದೆಯೋ? ಎಡಗಣ್ಣು ಹೇಳುವುದು ನಿಜವಾದರೆ ಈವರೆಗಿನ ಕೆಲಸವೆಲ್ಲ ಸರಿ, ಆದರೆ ಇನ್ನು ಮುಂದೆ ಬಲಗಣ್ಣು ನಂಬಿ ಬಣ್ಣ ಬೆರೆಸುವಂತಿಲ್ಲ. ಬಲಗಣ್ಣು ಹೇಳುವುದು ನಿಜವಾದರೆ ಬೆರೆಸಬಹುದು, ಆದರೆ ಈಗಾಗಲೇ ಬಳಿದು ಕೊಟ್ಟದ್ದೆಲ್ಲ ತಪ್ಪು. ಬಣ್ಣ ನಂಬಿ ಬದುಕಿದವರಿಗೆ ತಮ್ಮ ಕಣ್ಣಿನ ಮೇಲೇ ನಂಬಿಕೆ ಹೋಯಿತು. ಬ್ರಶ್ಶುಗಳನ್ನು ತೊಳೆದು ಒರೆಸಿ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ಎಡಗಣ್ಣಿನ ಆಪರೇಷನ್ ಬೇಡವೆಂದರು. ಹಳೆಯ ಬಣ್ಣ ಹೇಗೆ ಕಾಣುತ್ತಿತ್ತು ಎನ್ನುವುದಕ್ಕೆ ಉಳಿದಿರುವ ಸಾಕ್ಷಿ ಅದೊಂದೇ, ಅದನ್ನೂ ಕಳೆದುಕೊಂಡರೆ ಯಾರನ್ನು ಕೇಳಲಿ ಎಂಬುದು ಅವರ ವಾದ.

ನಾವೆಲ್ಲ ಸಮಾಧಾನ ಹೇಳಿದೆವು. ಅಕ್ಕ ತುಂಬ ಚೆನ್ನಾಗಿದೆ ಅಂದಳು. ನಾನು ಹಸಿರು ಅಂದರೆ ಹಸಿರು, ಅದರಲ್ಲೇನು ಜಾತಿ ಅಂದೆ. ಭಾವ ಬಳಿದ ಇಂಜಿನ್ನು ಇಷ್ಟಪಟ್ಟು ತೆಗೆದುಕೊಂಡು ಹೋಗಿದ್ದ ಪರಿಚಯದವರಿಗೆಲ್ಲ ಫೋನು ಮಾಡಿ ಕೇಳಿದರೆ ಅವರೂ ಬಹಳ ಚೆನ್ನಾಗಿದೆ ಅಂದರು. ಎಷ್ಟು ಹೊಗಳಿದರೆ ಅಷ್ಟು ಕುಗ್ಗಿದರು ಭಾವ. ಜ್ವರ ಬಂದ ಮಗುವಿಗೆ ಹೇಳುವ ಹಾಗೆ ಹೇಳ್ತಿದ್ದೀರಿ ಎಂದು ಒಂದು ಸಲ ರೇಗಿದರು. ನಾನು ಆಟದ ರೈಲು ಅನ್ನುವುದನ್ನೇ ಬಿಟ್ಟೆ. ರೇಗಿಸಲು ಒಬ್ಬ ಭಾವ ಬೇಕು, ಮೂಲೆ ಹಿಡಿದ ಭಾವನನ್ನು ಯಾರು ರೇಗಿಸುತ್ತಾರೆ?

ಆ ಶೆಡ್ಡಿನ ಹಸಿರನ್ನು ಕಣ್ಣಾರೆ ಕಂಡವರು ಡ್ರೈವರ್ ಯಜಮಾನರೊಬ್ಬರೇ, ಅವರನ್ನೇ ಹೋಗಿ ಕೇಳೋಣ ಎಂದು ನಾನೇ ಭಾವನನ್ನು ಎಬ್ಬಿಸಿ ಕರೆದುಕೊಂಡು ಹೋದೆ. ಇಂಜಿನ್ನು ಅವರ ಕಿಟಕಿಯ ಮೇಲೆ ಇತ್ತು. ಯಜಮಾನರು ಅದನ್ನು ಬೆಳಕಿಗೆ ಹಿಡಿದು, ಅಪ್ಪಟ ನಮ್ಮ ಶೆಡ್ಡಿನ ಹಸಿರು, ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದರು. ಭಾವನ ಮುಖ ಬಾಡಿತು. ಎಡಗಣ್ಣು ಗೆದ್ದಿತ್ತು, ಹೊಸ ಕಣ್ಣು ಕೆಲಸಕ್ಕೆ ಬಾರದ್ದು ಎಂದಾಯಿತು.

ಏಳುವ ಹೊತ್ತಿಗೆ ಭಾವನ ದೃಷ್ಟಿ ಯಜಮಾನರ ಪಾದದ ಮೇಲೆ ಬಿತ್ತು. ಅವರು ವಾಕಿಂಗಿಗೆ ಹೊರಟಿದ್ದವರು, ಒಂದು ಕಾಲಿಗೆ ಕಪ್ಪು ಕಾಲುಚೀಲ, ಇನ್ನೊಂದಕ್ಕೆ ಕಡುನೀಲಿ. ಇದ್ಯಾಕೆ ಹೀಗೆ ಎಂದು ಭಾವ ಕೇಳಿದರು. ಹೇಗೆ, ಎರಡೂ ಕಪ್ಪೇ ಅಲ್ಲವೇ ಎಂದರು ಯಜಮಾನರು. ಒಳಗಿನಿಂದ ಮಗಳು ಕೂಗಿ ಹೇಳಿದಳು. ಅಪ್ಪನಿಗೂ ಪೊರೆ ಬಂದು ವರ್ಷಗಳಾಗಿವೆಯಂತೆ, ಎಷ್ಟು ಬಡಿದುಕೊಂಡರೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲವಂತೆ.

ನನಗೆ ನಗು ತಡೆಯಲಾಗಲಿಲ್ಲ. ಕುರುಡ ಕುರುಡನಿಗೆ ದಾರಿ ತೋರಿಸಿದಂತೆ, ಪೊರೆ ಬಂದ ಇಬ್ಬರು ಕಿಟಕಿಯ ಬಳಿ ಕೂತು ಇದೇ ಇದೇ ಎಂದು ತೊಡೆ ತಟ್ಟಿಕೊಂಡಿದ್ದರು. ಭಾವ ಮಾತ್ರ ಎದ್ದವರು ಮತ್ತೆ ಕೂತರು. ಶೆಡ್ಡಿನ ಹಸಿರನ್ನು ನೀವು ನೋಡಿದ್ದು ಪೊರೆ ಇಲ್ಲದ ವಯಸ್ಸಿನ ಕಣ್ಣಲ್ಲಿ, ಪೊರೆ ತೆಗೆಸಿಕೊಂಡು ಇನ್ನೊಮ್ಮೆ ನೋಡಿ ಹೇಳಿ ಎಂದು ಹಟ ಹಿಡಿದರು. ಜಪ್ಪಯ್ಯ ಅಂದರೂ ಯಜಮಾನರು ಒಪ್ಪಲಿಲ್ಲ. ಅಷ್ಟು ದೊಡ್ಡ ಇಂಜಿನ್ನನ್ನು ಕತ್ತಲೆಯ ಸುರಂಗದೊಳಗೆ ನುಗ್ಗಿಸಿದವರಿಗೆ ಕಣ್ಣಿಗೆ ಹಾಕುವ ಹನಿ ಔಷಧಿಯೆಂದರೂ ಭಯ. ಕೊನೆಗೆ ತಮ್ಮ ಷರತ್ತು ಮುಂದಿಟ್ಟರು.

“ನಿಮ್ಮದೂ ಒಂದು ಕಣ್ಣು ಬಾಕಿ ಇದೆಯಲ್ಲ. ನೀವು ಮಲಗಿದ್ರೆ ಪಕ್ಕದ ಮಂಚದಲ್ಲಿ ನಾನೂ ಮಲಗ್ತೀನಿ.”

ಭಾವ ಲೆಕ್ಕ ಹಾಕಿದರು. ಎಡಗಣ್ಣಿನ ಪೊರೆ ಹೋದರೆ ಹಳೆಯ ಹಸಿರಿನ ಸಾಕ್ಷಿಯೂ ಹೋದಂತೆ. ಯಜಮಾನರು ಪೊರೆ ತೆಗೆಸಿಕೊಂಡೂ ಅದೇ ಸರಿ ಎಂದುಬಿಟ್ಟರೆ, ಎರಡು ಸುಳ್ಳು ಕಣ್ಣು ಇಟ್ಟುಕೊಂಡು ಮುಂದೆ ಬ್ರಶ್ಶು ಹಿಡಿಯುವ ಹಾಗೇ ಇಲ್ಲ. ಆದರೂ ಆಗಲಿ ಅಂದರು.

ಇಬ್ಬರನ್ನೂ ಒಂದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಜಮಾನರು ಭಾವನ ತೋಳು ಬಿಡಲೇ ಇಲ್ಲ. ಆಪರೇಷನ್ ಸುಸೂತ್ರವಾಗಿ ಆಯಿತು. ಹನಿ ಹಾಕಿಸಿಕೊಳ್ಳುವ ದಿನಗಳು ಮುಗಿಯುವ ತನಕ ಭಾವ ಕಪಾಟಿಗೆ ಬೆಡ್‌ಶೀಟು ಹೊದಿಸಿಟ್ಟಿದ್ದರು. ಈಗ ಎರಡು ಕಣ್ಣಿಗೂ ಒಂದೇ ನೀಲಿ ಕಾಣುತ್ತದೆ, ಇನ್ನು ನೋಡಿ ಏನು ಮಾಡಲಿ ಅನ್ನುತ್ತಿದ್ದರು. ಊಟ ಅರ್ಧಕ್ಕೆ ಬಿಡುತ್ತಿದ್ದರು. ಅಕ್ಕ ತಾನಾಗಿಯೇ ತನ್ನ ಒಳ್ಳೆಯ ಡಬ್ಬಿಯೊಂದನ್ನು ಅವರ ಮೇಜಿನ ಮೇಲೆ ತಂದಿಟ್ಟಳು. ಅದನ್ನೂ ಅವರು ಮುಟ್ಟಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಕಣ್ಣು ಅಭ್ಯಾಸವಾಗಲು ಡಾಕ್ಟರು ಹೇಳಿದ್ದ ಕಾಲ ಕಳೆದ ಮೇಲೆ, ಒಂದು ಬೆಳಿಗ್ಗೆ ಯಜಮಾನರು ಮಗಳ ಜೊತೆ ತಾವೇ ಬಂದರು. ಚಪ್ಪಲಿ ಡಬ್ಬದಿಂದ ಇಂಜಿನ್ನು ತೆಗೆದು ಕಿಟಕಿಯ ಬಳಿ ಮೇಜಿನ ಮೇಲೆ ಇಟ್ಟರು. ಭಾವ ಪಕ್ಕದಲ್ಲೇ ಬಂದು ನಿಂತರು.

“ಇದು ನನ್ನ ಗಾಡಿ ಅಲ್ಲ,” ಅಂದರು ಯಜಮಾನರು. “ನೀಲಿ ಹೊಡೀತಿದೆ. ನಮ್ಮ ಶೆಡ್ಡಲ್ಲಿ ಇಂಥ ಬಣ್ಣ ಬಳಿದಿದ್ರೆ ಹೊರಗೇ ಬಿಡ್ತಿರಲಿಲ್ಲ.”

ಅಕ್ಕ ಗಾಬರಿಯಾಗಿ, ಚೆನ್ನಾಗಿಯೇ ಇದೆಯಲ್ಲ ಎಂದು ನಡುವೆ ಬಂದಳು. ಭಾವ ಕೈ ಎತ್ತಿ ಅವಳನ್ನು ತಡೆದರು.

“ನೀನು ಸುಮ್ನಿರೆ. ಯಜಮಾನ್ರೇ, ಇನ್ನೊಂದ್ಸಲ ಹೇಳಿ.”

“ಎಷ್ಟು ಸಲ ಹೇಳ್ಬೇಕು? ತಪ್ಪು ಬಣ್ಣ. ಪೂರ್ತಿ ತಪ್ಪು.”

ಭಾವ ಕುರ್ಚಿಯಲ್ಲಿ ಕುಸಿದು ಕೂತು ನಗತೊಡಗಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಹಾಗಾದ್ರೆ ನನಗೆ ಸರಿಯಾಗೇ ಕಾಣ್ತಿದೆ ಎಂದು ಒಬ್ಬೊಬ್ಬರ ಕಡೆಗೂ ತಿರುಗಿ ಹೇಳಿದರು, ಬಾಗಿಲಲ್ಲಿ ನಿಂತಿದ್ದ ಯಜಮಾನರ ಮಗಳಿಗೂ ಹೇಳಿದರು. ಬೈಸಿಕೊಂಡು ಅಷ್ಟು ಖುಷಿಯಾದ ಮನುಷ್ಯನನ್ನು ನಾನು ನೋಡಿಲ್ಲ. ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಅದು ಅವರಿಗಷ್ಟೇ ಅಲ್ಲ, ನಮಗೂ ಆಯಿತು. ಅಕ್ಕ ಅಡುಗೆಮನೆಗೆ ಹೋಗಿ ಒಬ್ಬಳೇ ಸ್ವಲ್ಪ ಹೊತ್ತು ಅತ್ತು ಬಂದಳು.

ಇಂಜಿನ್ನು ಅವತ್ತೇ ಬ್ರೇಕ್ ಆಯಿಲಿಗೆ ಬಿತ್ತು. ಹಸಿರು ಎದ್ದು, ಪ್ರೈಮರ್ ಒಣಗಿದ ಮೇಲೆ ಇಬ್ಬರೂ ಮತ್ತೆ ಕಿಟಕಿಯ ಬಳಿ ಕೂತರು. ಭಾವ ಬಿಳಿಯ ತಟ್ಟೆಯಲ್ಲಿ ಹಸಿರು ಹಾಕಿ, ಕಡ್ಡಿಯ ತುದಿಯಿಂದ ಹಳದಿಯನ್ನು ಹನಿಹನಿಯಾಗಿ ಬಿಟ್ಟು ಕಲಸುತ್ತಾ ಹೋದರು. ಸ್ವಲ್ಪ ಕಪ್ಪೂ ಸೇರಿತು. ಯಜಮಾನರು ಇನ್ನೂ, ಇನ್ನೂ ಅನ್ನುತ್ತಿದ್ದರು. ನಾನೂ ಅಕ್ಕನೂ ಹಿಂದೆ ನಿಂತಿದ್ದೆವು. ನನಗಂತೂ ಎಲ್ಲ ಹಸಿರೂ ಒಂದೇ ಥರ ಕಾಣುತ್ತಿತ್ತು. ಒಂದು ಹನಿ ಬಿತ್ತು, ಕಲಸಿಕೊಂಡಿತು. ಯಜಮಾನರು ತಟ್ಟೆಯ ಮೇಲೆ ಬಗ್ಗಿ ನೋಡಿದರು, ತೊಡೆ ತಟ್ಟಲು ಕೈ ಎತ್ತಿದರು.

“ಸಾಕು,” ಅಂದರು, “ನಿಲ್ಲಿಸಿ.”

ಭಾವ ಅದಕ್ಕೂ ಮೊದಲೇ ಕಡ್ಡಿಯನ್ನು ಕೆಳಗಿಟ್ಟಿದ್ದರು.