ಒಂದು ಗಂಟೆ ಹಿಂದಿದ್ದ ಗಡಿಯಾರ

…ಹುಣಸೆ ಮರವೇ ಇರಬೇಕು. ಆದರೆ ಇದನ್ನು ಹೇಳುವಾಗ ಒಮ್ಮೆ ಹುಣಸೆ ಮರ ಎನ್ನುತ್ತೇನೆ, ಒಮ್ಮೆ ಹೊಂಗೆ ಮರ ಎನ್ನುತ್ತೇನೆ. ಕೇಳುವವರಿಗೆ ನೆರಳಿದ್ದರೆ ಸಾಕು, ಅವರು ತಕರಾರು ಮಾಡುವುದಿಲ್ಲ. ತಕರಾರು ನನ್ನದೇ. ಸಿರಾ ಕೋಟೆಯ ಎದುರು ಯಾವುದೋ ಒಂದು ಮರದ ಕೆಳಗೆ ಅವ್ವನೂ ನಾನೂ ಸುಮಾರು ಒಂದು ಗಂಟೆ ಕೂತಿದ್ದೆವು, ನನ್ನ ಮಡಿಲಲ್ಲಿ ಅಪ್ಪನ ಚಿನ್ನದ ಗಡಿಯಾರವಿತ್ತು ಎನ್ನುವಷ್ಟನ್ನು ಮಾತ್ರ ನಂಬಬಹುದು. ಉಳಿದದ್ದನ್ನು ನಾನು ಇಷ್ಟು ಸಲ ಹೇಳಿದ್ದೇನೆಂದರೆ ಈಗ ನನಗೆ ನೆನಪಿರುವುದು ನಡೆದದ್ದೋ, ಹೇಳಿದ್ದೋ ತಿಳಿಯದು.

ಯುದ್ಧದ ಕಾಲ. ಸರ್ಕಾರ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ಇಡಿಸಿತ್ತು. ಮಧುಗಿರಿಯ ತಾಲ್ಲೂಕು ಕಚೇರಿ, ಅಂಚೆ, ಸ್ಕೂಲು ಎಲ್ಲ ಹೊಸ ಟೈಮಿನಲ್ಲಿ ನಡೆಯುತ್ತಿದ್ದವು. ಬೆಟ್ಟದ ಬುಡದ ನಮ್ಮ ಬೀದಿಯಲ್ಲಿ ಅರ್ಧ ಮನೆಗಳು ಹಳೇ ಟೈಮನ್ನು ಬಿಟ್ಟಿರಲಿಲ್ಲ. "ಸೂರ್ಯನ್ನ ಯಾರೂ ಮುಂದಕ್ಕೆ ತಳ್ಳಿಲ್ವಲ್ಲ, ನಾವ್ಯಾಕೆ ತಳ್ಳಬೇಕು?" ಎನ್ನುವುದು ಅವ್ವನ ಮಾತು. ಹಾಲಿನವನಿಗೆ ಹೊತ್ತು ಹೇಳುವಾಗ ಯಾವ ಟೈಮು ಎಂದೂ ಸೇರಿಸಿ ಹೇಳಬೇಕಾಗಿತ್ತು.

ಗಡಿಯಾರ ತಾತನ ಕಾಲದ್ದು. ಕೆರೆ ಏರಿಯ ಕೆಲಸ ಮಾಡಿಸಿದ ಬಿಳಿಯ ಇಂಜಿನಿಯರೊಬ್ಬ ಊರಿಗೆ ವಾಪಸ್ ಹೋಗುವಾಗ ಗುಮಾಸ್ತನಾಗಿದ್ದ ತಾತನ ಕೈಗಿಟ್ಟದ್ದಂತೆ. ಸ್ವಿಟ್ಜರ್ಲೆಂಡಿನದು, ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದು, ಹಿಂದೆ ಮುಂದೆ ಎರಡೂ ಕಡೆ ಚಿನ್ನದ ಮುಚ್ಚಳ, ಜೊತೆಗೊಂದು ಚಿನ್ನದ ಸರಪಳಿ. ತಾತನಿಂದ ಅಪ್ಪನಿಗೆ ಬಂತು. ಅಪ್ಪ ತೀರಿಕೊಂಡ ಮೇಲೆ ಅವ್ವ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅದಕ್ಕೆ ಕೀ ಕೊಡುತ್ತಿದ್ದಳು. ಗಡಿಯಾರ ನೋಡಲು ಅವಳಿಗೆ ಬರುತ್ತಿರಲಿಲ್ಲ. ಗಂಟೆ ಎಷ್ಟೆಂದು ನನ್ನನ್ನೋ ಅಕ್ಕನನ್ನೋ ಕೇಳುತ್ತಿದ್ದಳು. ನಿಲ್ಲದಂತೆ ನೋಡಿಕೊಳ್ಳುವುದು ತನ್ನ ಕೆಲಸ, ಓದುವುದು ನಮ್ಮ ಕೆಲಸ ಎಂದು ಹಂಚಿಕೊಂಡಂತಿತ್ತು.

ಮಾರಬೇಕೆಂದು ಹೇಳಿದವಳೂ ಅವ್ವನೇ. ಅಕ್ಕ ಗಂಡನನ್ನು ಕಳೆದುಕೊಂಡು ಮನೆಗೆ ಬಂದು ಮೂರು ವರ್ಷವಾಗಿತ್ತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೆರಿಗೆ ಮಾಡಿಸುವ ಕೆಲಸ ಕಲಿಯಲು ಅವಳಿಗೆ ಜಾಗ ಸಿಕ್ಕಿತ್ತು. ಠೇವಣಿ, ಬಿಳಿ ಸೀರೆಗಳು, ಮೊದಲ ತಿಂಗಳುಗಳ ಊಟ ಎಲ್ಲ ಸೇರಿ ಮುನ್ನೂರು ರೂಪಾಯಿ ಬೇಕು. ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ಜಾಗ ಇನ್ನೊಬ್ಬಳಿಗೆ. ಆ ಕಾಗದವನ್ನು ಅಕ್ಕ ದಿನಕ್ಕೆ ಎರಡು ಸಲ ಓದಿ, ಮೊದಲಿನ ಮಡಿಕೆಯಲ್ಲೇ ಮಡಿಸಿ ಇಡುತ್ತಿದ್ದಳು.

ಮೊದಲು ಹೋದದ್ದು ಮಧುಗಿರಿಯ ಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಆಚಾರ್ರ ಹತ್ತಿರ. ಹಿಂದಿನ ಸಂಜೆ ಅವ್ವ ಒಂದು ಬಟ್ಟಲಲ್ಲಿ ಅಂಟುವಾಳದ ಕಾಯಿ ನೆನೆಹಾಕಿದ್ದಳು. ಒಡವೆಯನ್ನು ಅಂಗಡಿಗೆ ಒಯ್ಯುವ ಮುಂಚೆ ನೊರೆಯಲ್ಲಿ ತಿಕ್ಕಿ ತೊಳೆಯುವುದು ನಮ್ಮ ಮನೆಯ ಪದ್ಧತಿ. ಮುಚ್ಚಳದ ಅಂಚಿಗೆ ನೊರೆ ಹಚ್ಚುವಷ್ಟರಲ್ಲಿ ಅಕ್ಕ ಓಡಿಬಂದು ಕೈಯಿಂದ ಕಿತ್ತುಕೊಂಡಳು.

"ಒಳಗೆ ನೀರು ಹೋದ್ರೆ ಸತ್ತೋಗ್ತದೆ ಕಣವ್ವ."

"ಕೊಳಕಾಗಿರೋದನ್ನ ಯಾರು ತಗತಾರೆ?"

ಆಚಾರ್ರು ಗಡಿಯಾರವನ್ನು ಕೈಯಲ್ಲಿ ಹಿಡಿದು ಎರಡು ಸಲ ಮೇಲೆ ಕೆಳಗೆ ಆಡಿಸಿದರು. ಮುಚ್ಚಳ ತೆಗೆದು ಮುಖವನ್ನೂ ನೋಡಲಿಲ್ಲ.

"ಗಾಜು, ಯಂತ್ರ ಎಲ್ಲ ಕಿತ್ತು ತೂಕ ಹಾಕ್ತೀನಮ್ಮ. ಕಿತ್ತಿದ್ದನ್ನ ನಿಮಗೇ ಕೊಡ್ತೀನಿ, ನಾನೇನು ಇಟ್ಕಳಲ್ಲ."

"ಯಂತ್ರಕ್ಕೆ ಏನೂ ಬೆಲೆ ಇಲ್ವಾ?"

"ಅದ್ನ ಕರಗಿಸಾಕಾಗಲ್ವಲ್ಲ ತಾಯಿ."

ಸರಪಳಿಯೂ ಸೇರಿ ಅವರು ಹೇಳಿದ್ದು ನೂರೆಂಬತ್ತೋ ಇನ್ನೂರೋ. ಮೋಸದ ಮನುಷ್ಯರಲ್ಲ. ಅವರ ತಕ್ಕಡಿಗೆ ತೂಕ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಅಷ್ಟೇ. ಅವ್ವ ಗಡಿಯಾರವನ್ನು ಸೆರಗಿಗೆ ಕಟ್ಟಿಕೊಂಡು ಹೊರಗೆ ಬಂದಳು. ಬೀದಿಯಲ್ಲಿ ಸ್ವಲ್ಪ ದೂರ ನಡೆದ ಮೇಲೆ, "ಅದ್ರ ಹೊಟ್ಟೆ ಬಗೀತೀನಿ ಅಂತಾನಲ್ಲೇ," ಎಂದಳು.

ಸಿರಾದಲ್ಲಿ ಗಡಿಯಾರ ರಿಪೇರಿ ಮಾಡುವ ಸಾಹೇಬರೊಬ್ಬರಿದ್ದರು. ಅಪ್ಪ ಬದುಕಿದ್ದಾಗ ಎರಡು ಮೂರು ವರ್ಷಕ್ಕೊಮ್ಮೆ ಅವರಲ್ಲಿಗೆ ಎಣ್ಣೆ ಹಾಕಿಸಲು ಒಯ್ಯುತ್ತಿದ್ದರಂತೆ. ಪೆಟ್ರೋಲು ಸಿಗದ ಆ ಕಾಲದಲ್ಲಿ ಹಿಂದೆ ಇದ್ದಲಿನ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಅವ್ವನೂ ನಾನೂ ಹೋದೆವು. ಸಾಹೇಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ಬಿಚ್ಚಿ, ಅಂಚಿನಿಂದ ಒಳಗಿನವರೆಗೆ ನೋಡಿದರು.

"ಇದನ್ನ ತೊಳೆಯೋಕೆ ಹೊರಟಿದ್ದೋರು ಯಾರು?"

ಅವ್ವ ಬೀದಿಯ ಕಡೆ ನೋಡಿದಳು.

"ಅಂಚಲ್ಲಿ ಅಂಟುವಾಳ ಐತೆ, ಅದಕ್ಕೆ ಕೇಳಿದೆ. ಬಿಡಿ, ಒಳಗೆ ಹೋಗಿಲ್ಲ. ಆಚಾರ್ರು ಎಷ್ಟಂದ್ರು?"

ಅವ್ವ ಹೇಳಿದಳು. ಸಾಹೇಬರು ತಲೆಯಾಡಿಸಿದರು. "ಅವ್ರು ಹೇಳಿದ್ದು ಚಿನ್ನಕ್ಕೆ. ಗಡಿಯಾರದ ರೇಟು ಯಾರೂ ಇನ್ನೂ ಹೇಳೇ ಇಲ್ಲ. ಸರಪಳಿ ಬಿಚ್ಚಿ ಅವ್ರಿಗೇ ಕೊಡಿ, ಅದು ಬರೀ ಚಿನ್ನ. ಇದನ್ನ ಶೋಕಿ ಇರೋರಿಗೆ ಕೊಡಬೇಕು. ಇದರ ಡಬ್ಬಿ ಇತ್ತಲ್ಲ, ಚರ್ಮದ್ದು, ಒಳಗೆ ನೀಲಿ ಮಖಮಲ್ಲು?"

"ಅದ್ರಾಗೆ ವಿಭೂತಿ ಇಟ್ಟೀನಿ."

"ವಿಭೂತಿಗೆ ಬೇರೆ ಜಾಗ ಮಾಡಿ ತಾಯಿ. ಡಬ್ಬಿ ತನ್ನಿ, ಒಳಗೆ ಒಂದು ಕಾಗದ ಇತ್ತು, ಅದನ್ನೂ ತನ್ನಿ."

ಪಾವಗಡದ ಕಡಲೆಕಾಯಿ ವ್ಯಾಪಾರಿಯೊಬ್ಬರು ಹಳೆಯ ಗಡಿಯಾರಗಳ ಹುಚ್ಚಿನವರೆಂದೂ, ಮಂಗಳವಾರ ಹನ್ನೊಂದು ಗಂಟೆಗೆ ತಮ್ಮ ಅಂಗಡಿಗೆ ಬರುತ್ತಾರೆಂದೂ ಸಾಹೇಬರು ಹೇಳಿದರು. ಗಡಿಯಾರವನ್ನು ಅಲ್ಲೇ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ವಾಪಸ್ ಕೊಟ್ಟರು. ಹೊರಡುವಾಗ ಅವ್ವನಿಗೆ ಬುದ್ಧಿ ಹೇಳಿದರು. "ಬೆಲೆ ನೀವು ಹೇಳಬ್ಯಾಡಿ. ಅವರ ಬಾಯಿಂದಲೇ ಬರಲಿ. ಅಲ್ಲಿವರೆಗೆ ಎಲೆ ಅಡಿಕೆ ಹಾಕ್ಕೊಂಡು ಕೂತಿರಿ. ಮುಖದಲ್ಲಿ ಗರಜು ಕಾಣಬಾರ್ದು."

"ಗರಜು ಅಂದ್ರೆ?"

"ಬೇಕೇ ಬೇಕು ಅನ್ನೋದು."

"ಅದು ಹುಟ್ಟಿದಾಗ್ಲಿಂದ ನನ್ನ ಮುಖದಾಗೇ ಐತಲ್ಲ ಸಾಹೇಬ್ರೆ."

ಮಂಗಳವಾರ ಬಸ್ಸು ಬೇಗನೆ ತಲುಪಿಸಿಬಿಟ್ಟಿತು. ಗಡಿಯಾರ ತೆಗೆದು ನೋಡಿದೆ, ಹತ್ತು. "ಈಗ್ಲೇ ಹೋಗ್ಬುಟ್ರೆ ಗರಜು ಅಂತಾರೆ ಕಣೇ," ಎಂದು ಅವ್ವ ಆ ಮರದ ಕೆಳಗೆ ಕೂತಳು. ಸಾಹೇಬರ ಅಂಗಡಿಯ ಬಾಗಿಲು ಅಲ್ಲಿಂದ ಕಾಣುತ್ತಿತ್ತು. ಒಳಗೆ ಕರಿ ಕೋಟಿನ ಯಾರೋ ಕೂತಿದ್ದರು. ಆಗಾಗ ಎದ್ದು ಬಾಗಿಲಿಗೆ ಬಂದು ಬೀದಿ ನೋಡಿ ಒಳಗೆ ಹೋಗುತ್ತಿದ್ದರು. "ಯಾರಿಗೋ ಕಾಯ್ತಾವ್ರೆ ಪಾಪ," ಎಂದಳು ಅವ್ವ. ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ನಿಧಾನವಾಗಿ ತಿಂದೆವು, ಗರಜಿಲ್ಲದವರ ಹಾಗೆ. ಮುಳ್ಳು ಹನ್ನೊಂದಕ್ಕೆ ಬಂದಾಗ ಎದ್ದು ಸೀರೆ ಕೊಡವಿಕೊಂಡೆವು.

ಹೊಸ ಟೈಮು ಒಂದಿದೆ ಎಂಬುದು ನನಗೆ ಗೊತ್ತಿತ್ತು. ಆಗ ನನಗೆ ಹದಿನೇಳು ವರ್ಷ, ಓದಲು ಬರುತ್ತಿತ್ತು, ಕಚೇರಿಯ ಗಂಟೆ ದಿನವೂ ಕಿವಿಗೆ ಬೀಳುತ್ತಿತ್ತು. ಆದರೂ ಅಂಗಡಿಗಳೂ ಆ ಟೈಮಿನಲ್ಲೇ ನಡೆಯುತ್ತವೆ ಎಂದು ಒಂದು ಕ್ಷಣವೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದು ಬರೆಯುತ್ತಿದ್ದೇನೆ. ಹೊಳೆದೂ ಅವ್ವನಿಗೆ ಹೇಳದೆ ಕೂತಿದ್ದೆನೆ? ಹಾಗಿರಲಾರದು.

ಕೋಟಿನವರೇ ಪಾವಗಡದವರು, ತೆಲುಗು ಬೆರೆತ ಮಾತು. ನಾವು ಮೆಟ್ಟಿಲು ಹತ್ತುವಾಗ ಅವರು ಇಳಿಯುತ್ತಿದ್ದರು.

"ಏಮಮ್ಮಾ, ಗಂಟೆಯಿಂದ ಕೂತಿದ್ದೀನಿ. ನನಗೇನು ಪನಿ ಲೇದಾ, ಕೆಲಸ ಇಲ್ವಾ?"

"ಹನ್ನೊಂದಕ್ಕೆ ಅಂದಿದ್ರು, ಹನ್ನೊಂದಕ್ಕೇ ಬಂದೀವಿ," ಎಂದು ಅವ್ವ ನನ್ನ ಕಡೆ ಕೈ ತೋರಿಸಿದಳು. ನಾನು ಮುಚ್ಚಳ ತೆಗೆದು ಹಿಡಿದೆ. ಅವರು ತಮ್ಮ ಕೈಗಡಿಯಾರ ನೋಡಿಕೊಂಡರು. ಅದರಲ್ಲಿ ಹನ್ನೆರಡು.

"ಚೂಡಂಡಿ ಸಾಹೇಬರೇ, ಒಂದು ಗಂಟೆ ಹಿಂದೆ ಬಿದ್ದಿರೋ ಗಡಿಯಾರ ಕೊಳ್ಳೋಕಾ ನನ್ನ ಕರೆಸಿದ್ದು?"

ಅಕ್ಕನ ಕಾಗದ ನನ್ನ ಕಣ್ಣ ಮುಂದೆ ಬಂತು. ತಿಂಗಳು ಮುಗಿಯಲು ಐದು ದಿನವಿತ್ತು. ಬೇರೆ ಶೋಕಿಯವರನ್ನು ಎಲ್ಲಿ ಹುಡುಕುವುದು? ವಾಪಸ್ ಹೋಗಿ ಆಚಾರ್ರ ಮುಂದೆ ಅದನ್ನು ಇಡುವುದು, ಹೊಟ್ಟೆ ಬಗೆಸುವುದು, ಅಷ್ಟಾದರೂ ಹಣ ಸಾಲದೆ ಹೋಗುವುದು ಎಲ್ಲ ಒಟ್ಟಿಗೆ ಕಂಡಿತು. ತಪ್ಪು ನನ್ನದು. ಗಂಟೆ ಓದಿದವಳು ನಾನು.

ಅವ್ವ ಮಾತ್ರ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು.

"ಹಿಂದೆ ಬಿದ್ದಿಲ್ಲ ಸ್ವಾಮಿ. ನಿಮ್ದನ್ನ ಸರ್ಕಾರದೋರು ಮುಂದಕ್ಕೆ ತಳ್ಳವ್ರೆ. ನಮ್ಮನೆಗೆ ಸರ್ಕಾರ ಬಂದಿಲ್ಲ."

ಅವರು ನಗಲಿಲ್ಲ. ನಕ್ಕರು ಎಂದು ನಾನು ಬಹಳ ವರ್ಷ ಹೇಳುತ್ತಿದ್ದೆ, ಆದರೆ ನಗಲಿಲ್ಲ. ಮೆಟ್ಟಿಲು ಹತ್ತಿ ಒಳಗೆ ಬಂದರು. ತಮ್ಮ ಕೈಗಡಿಯಾರ ಬಿಚ್ಚಿ ಸಾಹೇಬರ ಮೇಜಿನ ಮೇಲೆ ನಮ್ಮದರ ಪಕ್ಕಕ್ಕೆ ಇಟ್ಟು ಬಗ್ಗಿ ನೋಡಿದರು. ದೊಡ್ಡ ಮುಳ್ಳುಗಳೆರಡೂ ಒಂದೇ ಕಡೆ. ಸೆಕೆಂಡಿನ ಮುಳ್ಳುಗಳು ಎರಡೋ ಮೂರೋ ಗೆರೆಯ ಅಂತರದಲ್ಲಿ ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ಗಂಟೆ ಮಾತ್ರ ಬೇರೆ.

"ಇದರ ಮುಳ್ಳು ತಿರುಗಿಸಿ ಎಷ್ಟು ದಿನ ಆಯ್ತಮ್ಮಾ?"

"ನಂಗೆ ಮುಳ್ಳು ನೋಡಾಕೇ ಬರಾಕಿಲ್ಲ. ಪೂಜೆ ಆದ್ಮೇಲೆ ಕೀ ಕೊಡ್ತೀನಿ. ಅಷ್ಟೇಯ."

"ಅಂದ್ರೆ ಹೊಸ ಟೈಮು ಬಂದಾಗಿಂದ ಯಾರೂ ಮುಟ್ಟಿಲ್ಲ. ಆದ್ರೂ ಒಂದು ನಿಮಿಷ ತಪ್ಪಿಲ್ಲ." ಇದನ್ನು ಅವರು ನಮ್ಮನ್ನು ಕೇಳಲಿಲ್ಲ, ತಮಗೆ ತಾವೇ ಹೇಳಿಕೊಂಡರು. ನಾವು ಹೂಂ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಸಾಹೇಬರು ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು.

ಆಮೇಲೆ ಅವರು ಕುರ್ಚಿ ಎಳೆದುಕೊಂಡು ಕೂತರು. ಡಬ್ಬಿ ತೆಗೆದರು. ಮಖಮಲ್ಲಿನಲ್ಲಿ ಉಳಿದಿದ್ದ ವಿಭೂತಿ ಕೋಟಿನ ಮೇಲೆ ಉದುರಿತು. "ಇದಕ್ಕೂ ಪೂಜೆ ಮಾಡ್ತಿದ್ರಾ?" ಎಂದು ಕೊಡವಿಕೊಂಡು, ಇಂಗ್ಲಿಷಿನ ಹಳೆಯ ಕಾಗದವನ್ನು ಬೆಳಕಿಗೆ ಹಿಡಿದು ಓದಿ, ಅದರ ನಂಬರನ್ನೂ ಗಡಿಯಾರದೊಳಗಿನ ನಂಬರನ್ನೂ ಹೋಲಿಸಿ ನೋಡಿದರು.

"ಎಷ್ಟಕ್ಕೆ ಕೊಡ್ತೀರಾ?"

ಅವ್ವ ಎಲೆ ಅಡಿಕೆ ಅಗಿದಳು.

"ಇನ್ನೂರೈವತ್ತು."

ಅವ್ವ ಇನ್ನೂ ಅಗಿದಳು. ಬಾಯಲ್ಲಿ ಅಷ್ಟು ಹೊತ್ತು ಏನೂ ಉಳಿದಿರಲಾರದು.

"ನೋರು ತೆರೀರಮ್ಮಾ. ಬಾಯಿ ಬಿಡಿ."

"ಮಗ್ಳೇ, ಡಬ್ಬಿ ಮುಚ್ಚು," ಎಂದಳು ಅವ್ವ. "ಬಸ್ಸು ಹೊಂಟೋಗ್ತದೆ."

ನಾನು ಮುಚ್ಚಿದೆ. ಮಖಮಲ್ಲಿನ ಅಂಚು ಮುಚ್ಚಳಕ್ಕೆ ಸಿಕ್ಕಿಕೊಂಡು ತಡವಾಯಿತು. ಆ ತಡ ಜಾಣತನದಂತೆ ಕಂಡಿರಬೇಕು. ಕೊಂಡಿ ಸಿಕ್ಕಿಸುವ ಮುಂಚೆ ಅವರು ಡಬ್ಬಿಯ ಮೇಲೆ ಕೈ ಇಟ್ಟರು.

ಕೊನೆಗೆ ಎಷ್ಟಾಯಿತು ಎಂಬುದರಲ್ಲಿ ನಮ್ಮ ಮನೆಯಲ್ಲಿ ಎರಡು ಲೆಕ್ಕಗಳಿದ್ದವು. ಅವ್ವ ಮುನ್ನೂರೈವತ್ತು ಎನ್ನುತ್ತಿದ್ದಳು. ಅಕ್ಕ ಮುನ್ನೂರ ಇಪ್ಪತ್ತು, ಉಳಿದದ್ದು ಸರಪಳಿಯದು ಎನ್ನುತ್ತಿದ್ದಳು. ನನ್ನ ನೆನಪಿನಲ್ಲಿ ಬರೀ ನೋಟುಗಳ ಹಸಿ ವಾಸನೆಯಿದೆ, ಮೊತ್ತವಿಲ್ಲ. ಎರಡರಲ್ಲಿ ಯಾವುದಾದರೂ ಸಾಕಾಗಿತ್ತು. ಸಾಹೇಬರಿಗೆ ಅವ್ವ ಹತ್ತು ರೂಪಾಯಿ ಕೊಡಹೋದರೆ ಎಣ್ಣೆ ಹಾಕಿದ್ದರ ಎಂಟಾಣೆ ಮಾತ್ರ ತೆಗೆದುಕೊಂಡರು.

ಶನಿವಾರ ಅಕ್ಕ ಬೆಂಗಳೂರಿಗೆ ಹೋದಳು. ಹದಿನೆಂಟು ತಿಂಗಳ ಮೇಲೆ ಚರ್ಮದ ಚೀಲ ಹಿಡಿದು ಬಂದಳು. ಹೊಳವನಹಳ್ಳಿ, ತೋವಿನಕೆರೆಯ ಕಡೆಯಿಂದ ಗಾಡಿ ಕಟ್ಟಿಕೊಂಡು ಅವಳನ್ನು ಕರೆಯಲು ಬರುತ್ತಿದ್ದರು. "ಯಾವ ಟೈಮಿಗೆ ಬರ್ಲಿ?" ಎಂದು ಅವಳು ತಮಾಷೆಗೆ ಕೇಳುವಳು. ಗಾಡಿಯವರಿಗೆ ಆ ತಮಾಷೆ ಅರ್ಥವಾಗುತ್ತಿರಲಿಲ್ಲ, ಅಷ್ಟು ಹೊತ್ತಿಗೆ ಯುದ್ಧ ಮುಗಿದು ಎಲ್ಲರ ಗಡಿಯಾರವೂ ಅವ್ವನ ಟೈಮಿಗೆ ಬಂದಿತ್ತು.

ಇಷ್ಟು ಬರೆದ ಮೇಲೆ ಒಂದು ತೊಡಕು ಉಳಿಯುತ್ತದೆ. ಯಾವ ಜೇಬುಗಡಿಯಾರವೂ ವರ್ಷಗಟ್ಟಲೆ ಮುಳ್ಳು ಮುಟ್ಟದೆ ಸೆಕೆಂಡಿನ ಲೆಕ್ಕಕ್ಕೆ ಸರಿಯಾಗಿ ನಡೆಯುವುದಿಲ್ಲ. ಇದನ್ನು ನಾನು ಆಮೇಲೆ ತಿಳಿದವರನ್ನು ಕೇಳಿದ್ದೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂಚಿನ ವಾರವಷ್ಟೇ ಸಾಹೇಬರು ಅದನ್ನು ಬಿಚ್ಚಿ ಜೋಡಿಸಿದ್ದರು. ಜೋಡಿಸಿದ ಮೇಲೆ ಯಾರಾದರೂ ಮುಳ್ಳು ಇಡಲೇಬೇಕು. ಅವರ ಅಂಗಡಿಯ ಗೋಡೆಯಲ್ಲಿದ್ದದ್ದು ಹೊಸ ಟೈಮು. ಹಾಗಾದರೆ ನಮ್ಮದನ್ನು ಒಂದು ಗಂಟೆ ಹಿಂದೆ ಇಟ್ಟವರು ಅವರೇ? ಅವ್ವ ಹಳೇ ಟೈಮೇ ಇರಲಿ ಎಂದು ಕೇಳಿಕೊಂಡಿದ್ದಳೆ? ಅಥವಾ ಪಾವಗಡದವರು ಏನು ನೋಡುತ್ತಾರೆ, ನೋಡಿ ಏನೆಂದುಕೊಳ್ಳುತ್ತಾರೆ ಎಂದು ಸಾಹೇಬರು ಮೊದಲೇ ತಿಳಿದು ಹಾಗೆ ಇಟ್ಟರೆ? ಅಥವಾ ಅವರು ಹೊಸ ಟೈಮಿಗೇ ಇಟ್ಟುಕೊಟ್ಟು, ಮನೆಗೆ ಬಂದ ಮೇಲೆ ಅಭ್ಯಾಸಬಲದಿಂದ ನಾನೇ ಗಂಟೆ ಹಿಂದಕ್ಕೆ ತಿರುಗಿಸಿದೆನೆ? ಅವ್ವನನ್ನು ಕೇಳಿದಾಗ, "ಯಾರಿಟ್ರೇನು, ನಿಮ್ಮಕ್ಕ ಕಲಿಯಾಕೆ ಹೋದ್ಲಲ್ಲ," ಎಂದಿದ್ದಳು. ಸಾಹೇಬರನ್ನು ಕೇಳಬೇಕು ಎಂದುಕೊಳ್ಳುವಷ್ಟರಲ್ಲಿ ಅವರ ಅಂಗಡಿಯಲ್ಲಿ ಬೇರೆಯವರಿದ್ದರು.

ಮುಳ್ಳನ್ನು ಯಾರು ಇಟ್ಟರೋ ನನಗೆ ಗೊತ್ತಿಲ್ಲ.