ಸಾಲಿನ ನಡುವೆ ಎದ್ದು ನಿಲ್ಲುವವರು

ಅತ್ತಿವೇರಿ ಕಡೆಯ ತಾಂಡಾದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ನಿಂತ ಟ್ರ್ಯಾಕ್ಟರ್ ಟ್ರೇಲರ್‌ನ ಅಂಚಿನಲ್ಲಿ ಹತ್ತಾರು ಹೆಂಗಸರು ಕಾಲು ಇಳಿಬಿಟ್ಟು ಕೂತಿದ್ದಾರೆ. ಒಬ್ಬೊಬ್ಬರ ಪಾದಕ್ಕೂ ಒಂದೊಂದು ಬುತ್ತಿಗಂಟು ತೂಗುಬಿದ್ದಿದೆ. ಚಂದ್ರಿಬಾಯಿ ಹೇಳಿದಂತೆ ಮೊಣಕಾಲು ನೇರವಾಗುವವರೆಗೂ ಎತ್ತುತ್ತಾರೆ, ತುಸು ಹೊತ್ತು ಹಿಡಿಯುತ್ತಾರೆ, ಇಳಿಸುತ್ತಾರೆ.

"ಸಾವಕಾಶ. ಪಲ್ಯ ಚೆಲ್ಲಿದ್ರ ಮಧ್ಯಾಹ್ನ ನನ್ನ ಬುತ್ತಿಗೆ ಕೈ ಹಾಕ್ತಿ ನೀ," ಎಂದು ಚಂದ್ರಿಬಾಯಿ ಪಕ್ಕದಲ್ಲಿ ಅವಸರದಿಂದ ಕಾಲೆತ್ತುವ ಕಾಜಲ್‌ಗೆ ಗದರುತ್ತಾರೆ.

ಐವತ್ತೈದರ ಆಸುಪಾಸಿನ ಚಂದ್ರಿಬಾಯಿ ಕಳೆ ತೆಗೆಯುವ ಗುಂಪಿನ ಮುಂದಾಳು. ಮಳೆಗಾಲವಿಡೀ ಗೋವಿನಜೋಳದ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು, ಕುರ್ಪಿ ಆಡಿಸುತ್ತ, ಕೂತಂತೆಯೇ ಮುಂದೆ ಸರಿಯುವ ಕೆಲಸ. ಸಾಲು ಮುಗಿಯುವ ಮೊದಲು ಎದ್ದವಳನ್ನು ಉಳಿದವರು ಬಿಡುತ್ತಿರಲಿಲ್ಲ: "ಯಾಕವ್ವಾ, ಬಸ್ ಬಂತೇನು?" ಎಂದೂ ಏಳದವಳೆಂದು ಹೆಸರಾಗಿದ್ದವರು ಚಂದ್ರಿಬಾಯಿಯ ಪಕ್ಕದ ಮನೆಯ ತುಳಜಾ. ಮೊದಲು ಸೋತದ್ದೂ ಅವರ ಮೊಣಕಾಲೇ.

ಮೊಣಕಾಲಿಗೆ ಬಟ್ಟೆ ಬಿಗಿದುಕೊಂಡು ತುಳಜಾ ಒಂದು ವರ್ಷ ಹೊರಸು ಹಿಡಿದರು. ತೊಡೆ ಸೊರಗಿತು, ನೋವು ಹೆಚ್ಚಿತು. ಅವರ ಸಾಲಿಗೆ ಬೇರೆಯವರನ್ನು ಕರೆಯೋಣವೆಂದರು ಗುಂಪಿನವರು. ಚಂದ್ರಿಬಾಯಿ ಒಪ್ಪದೆ ತುಳಜಾರನ್ನು ಮುಂಡಗೋಡದ ಆಸ್ಪತ್ರೆಗೆ ಕರೆದೊಯ್ದರು.

ಅಲ್ಲಿ ಹೇಳಿದ್ದನ್ನು ಫಿಜಿಯೋಥೆರಪಿಸ್ಟ್ ಪೂರ್ಣಿಮಾ ನನಗೂ ವಿವರಿಸುತ್ತಾರೆ. ಮೊಣಕಾಲಲ್ಲಿ ಕೂಡುವ ಎಲುಬುಗಳ ತುದಿಗೆ ನುಣುಪಾದ ಮೃದು ಎಲುಬಿನ ಹೊದಿಕೆಯಿದೆ. ಅದನ್ನು ಕಾಪಾಡುವ ಜೀವಕೋಶಗಳು ಅದರೊಳಗೇ ಇವೆ. ರಕ್ತನಾಳ ಅಲ್ಲಿಗೆ ಹೋಗುವುದಿಲ್ಲ. ಪೆಟ್ಟಿಗೆ, ವಯಸ್ಸಿಗೆ, ವರ್ಷಗಟ್ಟಲೆಯ ಒತ್ತಡಕ್ಕೆ ಆ ಕೋಶಗಳು ಸಾಯುತ್ತವೆ. ಸತ್ತ ಜಾಗಕ್ಕೆ ಹೊಸವು ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಕಾಯುವವರಿಲ್ಲದ ಹೊದಿಕೆ ಸವೆಯುತ್ತದೆ, ಸವೆದಷ್ಟೂ ಇನ್ನಷ್ಟು ಕೋಶಗಳು ಸಾಯುತ್ತವೆ. ಸಾವು ಮೊದಲೋ ಸವೆತ ಮೊದಲೋ, ವಿಜ್ಞಾನಿಗಳಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಕಾಲು ಮಡಚಿ ಬಿಡಿಸಿದಾಗ ಕೀಲಿನ ದ್ರವ ಆಡಿ, ಉಳಿದ ಕೋಶಗಳಿಗೆ ಆಹಾರ ಚೆನ್ನಾಗಿ ಮುಟ್ಟುತ್ತದೆ. ತೊಡೆ ಗಟ್ಟಿಯಾದಷ್ಟೂ ಕೀಲಿನ ಮೇಲಿನ ಭಾರ ಹಗುರ.

"ಸತ್ತಿದ್ದು ಸತ್ತು ಹೋತ್ರಿ," ಎನ್ನುತ್ತಾರೆ ಚಂದ್ರಿಬಾಯಿ. "ಇದ್ದದ್ದಕ್ಕರ ಉಣ್ಣಾಕ ಹಾಕಬೇಕಲ್ಲ? ಈಕಿ ಮಲಗಿ ಮಲಗಿ ಅದನ್ನೂ ಉಪವಾಸ ಕೆಡವಿದ್ಲು."

ದಿನಾ ಪಾದಕ್ಕೆ ತುಸು ಭಾರ ಕಟ್ಟಿ ಕಾಲೆತ್ತಬೇಕು, ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂರಬಾರದು, ನಡುನಡುವೆ ಏಳಬೇಕು ಎಂದಿದ್ದರು ಪೂರ್ಣಿಮಾ. ಎಲ್ಲರೆದುರು ಏಳುವುದಕ್ಕಿಂತ ಮನೆಯಲ್ಲಿರುವುದೇ ವಾಸಿ ಎಂದರು ತುಳಜಾ. ಮರುದಿನ ಹೊಲದಲ್ಲಿ ಚಂದ್ರಿಬಾಯಿ ಹೊಸ ರೂಢಿ ಹಾಕಿದರು: ಅರ್ಧ ಸಾಲಿಗೆ ಎಲ್ಲರೂ ಏಳಬೇಕು, ನೋವಿದ್ದವರೂ ಇಲ್ಲದವರೂ.

"ಎಲ್ಲಾರೂ ಎದ್ರ ನಗೋರ್ಯಾರ್ರಿ?"

ಹೊಲದೊಡತಿ ಮಹಾದೇವಕ್ಕ ಮಾತ್ರ ಸಿಟ್ಟಾಗಿದ್ದರು. "ನಿಂದ್ರಾಕ ಕೂಲಿ ಕೊಡ್ಲೇನು, ಚಂದ್ರೀ?"

"ಸಂಜಿಗೆ ಹೊಲಾ ನೋಡ್ರಿ ಅಕ್ಕಾರ. ಕಮ್ಮಿ ಬಿದ್ರ ಆಗ ಬೈರಿ."

ಕಮ್ಮಿ ಬೀಳಲಿಲ್ಲ. ಮಧ್ಯಾಹ್ನದ ಮೇಲೆ ಸೊಂಟ ಹಿಡಿದು ಕೂರುವವರು ಕಡಿಮೆಯಾಗಿದ್ದರು. ಮಹಾದೇವಕ್ಕ ಬೈಯುವುದನ್ನು ಬಿಟ್ಟರು.

ಟ್ರೇಲರ್ ಅಂಚಿನಲ್ಲಿ ತಿಂಗಳುಗಟ್ಟಲೆ ಕಾಲೆತ್ತಿದ ತುಳಜಾ ಇವತ್ತು ಮತ್ತೆ ಸಾಲಿಗಿಳಿದಿದ್ದಾರೆ. ಮುಗಿಸಲಾಗದಿದ್ದರೆ ಇನ್ನು ಕರೆಯಬೇಡ ಎಂದು ಮೊದಲೇ ಹೇಳಿದ್ದಾರೆ. ಬೆಳೆ ಮೊಳದುದ್ದ ಬಂದಿದೆ, ನೆಲ ಹಸಿ. ಅರ್ಧ ದಾರಿಯಲ್ಲಿ ಚಂದ್ರಿಬಾಯಿ "ಏಳ್ರಿ" ಎನ್ನುತ್ತಾರೆ. ಎಲ್ಲರೂ ಏಳುತ್ತಾರೆ. ತುಳಜಾ ತೊಡೆಗೆ ಕೈಯೂರಿ, ಕೊನೆಯವರಾಗಿ. ಯಾರೂ ಅತ್ತ ನೋಡುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕಾಲು ಜಾಡಿಸಿಕೊಳ್ಳುತ್ತಿದ್ದಾರೆ. ಮತ್ತೆ ಕೂರುತ್ತಾರೆ. ಕುರ್ಪಿಗಳು ಸರಿಯುತ್ತವೆ.

ಬದು ಮುಟ್ಟಿ ತಿರುಗಿ ನೋಡಿದ ತುಳಜಾಗೆ ಚಂದ್ರಿಬಾಯಿ ಎರಡು ಮಾರು ಹಿಂದೆ ಕಾಣುತ್ತಾರೆ.

"ಯಕ್ಕಾ, ನಿನಗ ಯಾರರ ಎತ್ತಿ ತರಬೇಕೇನು?"

ಹೊಲವೆಲ್ಲ ನಗುತ್ತದೆ. ಬದುವಿನ ಮೇಲೆ ನಿಂತ ಮಹಾದೇವಕ್ಕನೂ ಸೆರಗು ಬಾಯಿಗೊತ್ತಿಕೊಳ್ಳುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಚಂದ್ರಿಬಾಯಿ ಕುರ್ಪಿಯ ಮಣ್ಣು ಒರೆಸುತ್ತಾರೆ.

"ನಾಳಿಂದ ಈಕೀನ ಮುಂದ ಹೋಗ್ಲಿ, ನಾ ಬೆನ್ನಿಗೆ ಬರ್ತೇನಿ. ನಡುವ ಏಳ್ರಿ ಅನ್ನೂದೂ ಈಕೀನ ಅನ್ಲಿ."